ಕರ್ಮವನ್ನು ಕಳೆದುಕೊಂಡ ಕ್ರಿಯಾಪದ

ಹೋಟೆಲಿನ ಗಲ್ಲಾಪೆಟ್ಟಿಗೆಯನ್ನು ಬಿಟ್ಟು ಲೇಖನಿಯನ್ನು ಹಿಡಿದ ನಾವು ಆಂಗ್ಲ ಭಾಷೆಯಲ್ಲಿ ಪಂಡಿತರಲ್ಲ. ಎಸ್.ಎಸ್.ಎಲ್.ಸಿ.ಯವರೆಗೆ ಓದಿದ್ದು, ಗಿರಾಕಿಗಳ ಬಾಯಿಂದ ಕೇಳಿದ್ದು, ಇಷ್ಟೇ ನಮ್ಮ ಬಂಡವಾಳ. ಆದರೂ ಈ ವಿಷಯವನ್ನು ಕುರಿತು ಬರೆಯುವ ಹಕ್ಕು ನಮಗುಂಟೆಂದು ಭಾವಿಸುತ್ತೇವೆ. ಏಕೆಂದರೆ ನಮ್ಮ ಲೇಖನಿಯ ಒಂದು ಗೀಟಿನಿಂದ ಒಬ್ಬ ಬಡ ಹುಡುಗನಿಗೆ ನಷ್ಟವಾಯಿತು.

2011ರ ಮಾತು. ಕುಂದಾಪುರದ ಕಡೆಯಿಂದ ಬಂದು, ನಮ್ಮಲ್ಲಿ ಮೇಜು ಒರೆಸಿ, ರಾತ್ರಿ ಶಾಲೆಯಲ್ಲಿ ಕಲಿತು, ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ತರುಣನು ತಂಗಿಯ ಮದುವೆಗಾಗಿ ಹಣ ಹೊಂದಿಸುತ್ತಿದ್ದನು. ತಾನು ಸದಸ್ಯನಾಗಿದ್ದ ಪತ್ತಿನ ಸಹಕಾರಿ ಸಂಘದಿಂದ ಐದು ಸಾವಿರ ರೂಪಾಯಿ ಉಳಿತಾಯವನ್ನು ತೆಗೆಯಲು ಆಂಗ್ಲದಲ್ಲಿ ಅರ್ಜಿ ಬರೆದು, "ಧಣಿಗಳೇ, ಒಮ್ಮೆ ನೋಡಿಕೊಡಿ" ಎಂದು ನಮ್ಮ ಮುಂದಿಟ್ಟನು. ಐದು ಸಾಲದೆ ಎಂಟು ಬೇಕಾದರೂ ಬೇಕಾದೀತು ಎಂಬ ಅನುಮಾನ ಅವನಿಗಿತ್ತು. "ಹಾಗಾದರೆ ಮೊತ್ತವನ್ನು ಬಾಯಿಮಾತಿನಲ್ಲಿ ಹೇಳಿದರಾಯಿತು" ಎಂದು ನಾವು ಆ ಪದಗಳಿಗೆ ಗೀಟೆಳೆದೆವು. ಉಳಿದದ್ದು, 'ಐ ವಿಶ್ ಟು ವಿತ್‌ಡ್ರಾ' ಎಂದಷ್ಟೇ. ಪಾಳಿಯ ಕೆಲಸದಿಂದಾಗಿ ಅವನು ಅರ್ಜಿಯನ್ನು ಗೆಳೆಯನ ಕೈಯಲ್ಲಿ ಕಳುಹಿಸಿದನು.

ಸಂಘದವರು ಅದನ್ನು ಓದಿದ್ದು ಬೇರೆ ರೀತಿಯಲ್ಲಿ. 'ವಿತ್‌ಡ್ರಾ' ಎಂಬ ಕ್ರಿಯಾಪದಕ್ಕೆ ಮುಂದೆ ಹಣವಿದ್ದರೆ 'ಹಣವನ್ನು ಹಿಂತೆಗೆ' ಎಂದರ್ಥ. ಮುಂದೆ ಏನೂ ಇಲ್ಲದಿದ್ದರೆ 'ತಾನೇ ಹಿಂದೆ ಸರಿ' ಎಂದರ್ಥ. ಸದಸ್ಯತ್ವವೇ ರದ್ದಾಯಿತು. ಉಳಿತಾಯವೂ ಪಾಲುಹಣವೂ ಒಟ್ಟಾಗಿ ಕೈಸೇರಿದಾಗ ಹುಡುಗನು ಹಿಗ್ಗಿದನು. ಮಿಕ್ಕ ಖರ್ಚಿಗೆಂದು ಸಾಲ ಕೇಳಲು ಹೋದಾಗಲೇ ಸತ್ಯ ತಿಳಿದದ್ದು. ಸದಸ್ಯನಲ್ಲದವನಿಗೆ ಸಾಲವಿಲ್ಲ, ಹೊಸದಾಗಿ ಸೇರಿದವನು ಒಂದು ವರ್ಷ ಕಾಯಬೇಕು! ಗೀಟೆಳೆದ ತಪ್ಪಿಗೆ ಅರ್ಧ ಹಣವನ್ನು ನಾವು ಕೊಟ್ಟೆವು. ಉಳಿದರ್ಧವನ್ನು ಅವನು ಬಡ್ಡಿಗೆ ತಂದು ಎರಡು ವರ್ಷ ತೀರಿಸಿದನು. ಮದುವೆಯೇನೋ ನಡೆಯಿತು.

ಈ ಪ್ರಮಾದಕ್ಕೆ ಕಾರಣವೇನು? ನಾವು ಕನ್ನಡದಲ್ಲಿ ಯೋಚಿಸಿದ್ದೇ ಕಾರಣ. "ತಂದೆಯಾ?" "ತಂದೆ." "ಕೊಟ್ಟೆಯಾ?" "ಕೊಟ್ಟೆ." ಏನನ್ನು ಎಂಬುದನ್ನು ಯಾರೂ ಹೇಳಲಿಲ್ಲ, ಆದರೂ ಯಾರಿಗೂ ಸಂದೇಹವಿಲ್ಲ. ತಿಳಿದ ಕರ್ಮಪದವನ್ನು ಬಿಡುವುದು ನಮ್ಮ ನುಡಿಯ ಸಹಜ ಗುಣ. ಕ್ರಿಯೆಯ ರೂಪವೇ ಅರ್ಥವನ್ನು ಕಾಯುತ್ತದೆ. ಹಾಲು ಕುದಿಯುತ್ತದೆ, ಭಟ್ಟನು ಕುದಿಸುತ್ತಾನೆ. ಅನ್ನ ಬೇಯುತ್ತದೆ, ಅವನು ಬೇಯಿಸುತ್ತಾನೆ. 'ಇಸು' ಎಂಬ ಪ್ರತ್ಯಯ ನಮ್ಮ ಪಹರೆಯವ. ಆಂಗ್ಲರಿಗೆ ಎರಡಕ್ಕೂ 'ಬಾಯಿಲ್' ಒಂದೇ, 'ಕುಕ್' ಒಂದೇ.

ಅವರಲ್ಲಿಯೂ ಹಿಂದೆ ಇಂತಹ ಜೋಡಿಗಳಿದ್ದವು. ಕುಳಿತುಕೊಳ್ಳಲು 'ಸಿಟ್', ಇರಿಸಲು 'ಸೆಟ್'; ಬೀಳಲು 'ಫಾಲ್', ಮರವನ್ನು ಕಡಿದು ಬೀಳಿಸಲು 'ಫೆಲ್'. ಇವು ಇಂದಿಗೂ ಉಳಿದಿವೆ. ಪ್ರಾಚೀನ ಆಂಗ್ಲದಲ್ಲಿ ಉರಿಯುವುದಕ್ಕೂ ಉರಿಸುವುದಕ್ಕೂ ಪ್ರತ್ಯೇಕ ಪದಗಳಿದ್ದು, ಕಾಲಕ್ರಮದಲ್ಲಿ ಎರಡೂ ಬೆರೆತು 'ಬರ್ನ್' ಎಂಬ ಒಂದೇ ಪದವಾಯಿತು. ಹೀಗೆ ರೂಪಭೇದ ಅಳಿದಲ್ಲಿ ಅರ್ಥವನ್ನು ಕಾಯುವ ಭಾರ ಕರ್ಮಪದದ ಮೇಲೆ ಬಿತ್ತು.

ನಿತ್ಯದ ಉದಾಹರಣೆಗಳನ್ನೇ ನೋಡಿರಿ. 'ಹೀ ರನ್ಸ್' ಎಂದರೆ ಓಡುತ್ತಾನೆ. 'ಹೀ ರನ್ಸ್ ಎ ಹೋಟೆಲ್' ಎಂದರೆ ಹೋಟೆಲನ್ನು ನಡೆಸುತ್ತಾನೆ. ಆಂಗ್ಲರು ಓಡಿಸುವ ಹೋಟೆಲನ್ನು ನಾವು ನಡೆಸಿಯೇ ಜೀವಿಸುತ್ತೇವೆ! ಆಕ್ಸ್‌ಫರ್ಡ್ ನಿಘಂಟಿನ ಕೆಲಸದಲ್ಲಿ ಈ 'ರನ್' ಕ್ರಿಯಾಪದಕ್ಕೆ 645 ಅರ್ಥಗಳನ್ನು ಎಣಿಸಿದ್ದಾರೆಂದು 2011ರಲ್ಲಿ ಪ್ರಕಟವಾಗಿತ್ತು. 'ಐ ಕೆನಾಟ್ ಸ್ಟ್ಯಾಂಡ್' ಎಂದರೆ ನಿಲ್ಲಲಾರೆ. 'ಐ ಕೆನಾಟ್ ಸ್ಟ್ಯಾಂಡ್ ಹಿಮ್' ಎಂದರೆ ಅವನನ್ನು ಸಹಿಸಲಾರೆ. ಕಾಲುನೋವಿನ ಮಾಣಿಯು ಮ್ಯಾನೇಜರರ ಮುಂದೆ ಈ ಎರಡನ್ನು ಬೆರೆಸಿದರೆ ಗತಿಯೇನು?

ಒಮ್ಮೆ ಗಿರಾಕಿಯೊಬ್ಬರು ದೋಸೆ, ಕಾಫಿ ಮುಗಿಸಿ, ಪಾಕೀಟು ಮರೆತೆನೆಂದು ಹೇಳಿ, 'ಐ ಶಲ್ ರಿಟರ್ನ್' ಎಂದು ಹೊರಟರು. ಹಣವನ್ನು ಹಿಂತಿರುಗಿಸುವರೆಂದು ನಾವು ತಿಳಿದೆವು. ಮಾತಿಗೆ ತಪ್ಪದೆ ಮರುದಿನ ಅವರೇ ಹಿಂತಿರುಗಿದರು, ಹಣ ಹಿಂತಿರುಗಲಿಲ್ಲ. ವ್ಯಾಕರಣದ ದೃಷ್ಟಿಯಿಂದ ಅವರಲ್ಲಿ ದೋಷವಿರಲಿಲ್ಲ.

ಕನ್ನಡದಲ್ಲಿ ಈ ಬಗೆ ಇಲ್ಲವೇ ಇಲ್ಲವೆಂದಲ್ಲ. "ಅವನು ಕುಡಿಯುತ್ತಾನೆ" ಎಂದು ಊರಿಗೆ ಪತ್ರ ಬರೆದರೆ ಹಾಲೋ ಕಷಾಯವೋ ಎಂದು ಯಾರೂ ಕೇಳರು; ಮದುವೆಯ ಮಾತುಕತೆ ಅಲ್ಲಿಗೇ ನಿಲ್ಲುತ್ತದೆ. ಆಂಗ್ಲದ 'ಹೀ ಡ್ರಿಂಕ್ಸ್' ಸಹ ಹಾಗೆಯೇ. ಆದರೆ ನಮ್ಮಲ್ಲಿ ವಿರಳವಾದುದು ಅವರಲ್ಲಿ ಹೆಜ್ಜೆಹೆಜ್ಜೆಗೂ ಉಂಟು.

ಆದುದರಿಂದ ಕಚೇರಿಗೆ, ಬ್ಯಾಂಕಿಗೆ, ಸಂಘಕ್ಕೆ ಆಂಗ್ಲದಲ್ಲಿ ಬರೆಯುವ ನಮ್ಮ ಬಂಧುಗಳಲ್ಲಿ ಎರಡು ಬಿನ್ನಹಗಳು. ನಿಘಂಟಿನಲ್ಲಿ ಕ್ರಿಯಾಪದವನ್ನು ಹುಡುಕುವಾಗ ಮೊದಲ ಅರ್ಥಕ್ಕೇ ನಿಲ್ಲದೆ, ಪಕ್ಕದ ಗುರುತನ್ನು ನೋಡಿರಿ. 'ವಿ.ಟಿ.' ಅಥವಾ 'ಟಿ' ಎಂದಿದ್ದರೆ ಸಕರ್ಮಕ, 'ವಿ.ಐ.' ಅಥವಾ 'ಐ' ಎಂದಿದ್ದರೆ ಅಕರ್ಮಕ. ಎರಡನೆಯದು, ಸಹಿ ಹಾಕುವ ಮೊದಲು ಪ್ರತಿಯೊಂದು ಕ್ರಿಯಾಪದದ ಮುಂದೆಯೂ ನಿಂತು, ಶಾಲೆಯಲ್ಲಿ ಮೇಷ್ಟ್ರು ಕಲಿಸಿದಂತೆ "ಏನನ್ನು? ಯಾರನ್ನು?" ಎಂದು ಕೇಳಿರಿ. ಉತ್ತರವು ನಿಮ್ಮ ಮನಸ್ಸಿನಲ್ಲಿದ್ದರೆ ಸಾಲದು, ಕಾಗದದ ಮೇಲಿರಬೇಕು.

ಆ ತರುಣನು ಈಗಲೂ ನಮ್ಮಲ್ಲಿಗೆ ಬರುತ್ತಾನೆ. ಒಂದು ದಿನವೂ ನಮ್ಮನ್ನು ದೂರಲಿಲ್ಲ. ಆದರೆ ಬರೆದ ಪತ್ರಗಳನ್ನು ನಮಗೆ ತೋರಿಸುವುದನ್ನು ನಿಲ್ಲಿಸಿದ್ದಾನೆ. ಅದು ನ್ಯಾಯವೇ ಸರಿ.