ರಂಗದ ಮಟ್ಟು, ತೆರೆಯ ಹಾಡು

ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಂಥ ಊರಿನಲ್ಲಿ ‘ಕುರುಕ್ಷೇತ್ರ’ ನಾಟಕ ಆಡಬೇಕೆಂದು ತೀರ್ಮಾನವಾದರೆ, ಮೊದಲು ಗೊತ್ತುಮಾಡಬೇಕಾದವರಲ್ಲಿ ಹಾರ್ಮೋನಿಯಂ ಮೇಷ್ಟ್ರು ಒಬ್ಬರು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಸೀಮೆಯಲ್ಲೆಲ್ಲ ಇದೇ ರೂಢಿ. ವಾರಗಟ್ಟಲೆ ಹಾಡು ಕಲಿಸುವವರೂ ಅವರೇ, ನಾಟಕದ ರಾತ್ರಿ ಬೆಳಗಿನವರೆಗೆ ಶ್ರುತಿ ಹಿಡಿಯುವವರೂ ಅವರೇ. ಅವರ ಮುಂದೆ ಸ್ವರ ಬರೆದ ಪುಸ್ತಕವಿರುವುದಿಲ್ಲ. ನಾಟಕದ ಪುಸ್ತಕದಲ್ಲಿ ಹಾಡಿನ ಮೇಲೆ ರಾಗ, ತಾಳದ ಹೆಸರು, ಇಲ್ಲವೆ ‘ಇಂಥ ಹಾಡಿನ ಮಟ್ಟು’ ಎಂಬ ಒಂದು ಸಾಲು ಇದ್ದರೆ ಹೆಚ್ಚು. ಉಳಿದದ್ದೆಲ್ಲ ಮೇಷ್ಟ್ರ ಬೆರಳಲ್ಲಿ.

ಬೆರಳಲ್ಲಿ ಉಳಿದ ಈ ಸಂಗೀತ ಸಿನಿಮಾಕ್ಕೆ ಹೋದದ್ದು ಹೇಗೆ, ಹೋಗುವಾಗ ಏನನ್ನು ಪಡೆಯಿತು, ಏನನ್ನು ಬಿಟ್ಟಿತು ಎಂಬುದು ಕನ್ನಡ ಚಿತ್ರರಂಗದ ಚರಿತ್ರೆಯಷ್ಟೇ ಹಳೆಯ ಕಥೆ.

ನಾಟಕದಿಂದಲೇ ಆರಂಭ

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ತೆರೆಗೆ ಬಂದಿತು. ಬೆಳ್ಳಾವೆ ನರಹರಿಶಾಸ್ತ್ರಿಗಳು ಮಾತು, ಹಾಡು ಬರೆದರು. ರಾವಣನ ಪಾತ್ರ ವಹಿಸಿದ್ದ ಆರ್. ನಾಗೇಂದ್ರರಾಯರು ಸಂಗೀತದ ಹೊಣೆಯನ್ನೂ ಹೊತ್ತಿದ್ದರು. ಇಂದ್ರಜಿತುವಾಗಿದ್ದವರು ಎಂ.ವಿ. ಸುಬ್ಬಯ್ಯ ನಾಯ್ಡು. ಎಲ್ಲರೂ ರಂಗಭೂಮಿಯವರೇ. ಮರುವರ್ಷ ಗುಬ್ಬಿ ಕಂಪನಿಯ ಜನಪ್ರಿಯ ನಾಟಕ ‘ಸದಾರಮೆ’ ಸಿನಿಮಾ ಆಯಿತು. 1954ರಲ್ಲಿ ‘ಬೇಡರ ಕಣ್ಣಪ್ಪ’ ಕೂಡ ಕಂಪನಿಯಿಂದಲೇ ತೆರೆಗೆ ಬಂದಿತು.

ಆದರೆ ನಾಟಕದ ಹಾಡನ್ನು ಇದ್ದಂತೆಯೇ ಎತ್ತಿ ತೆರೆಯ ಮೇಲೆ ಇಡಲು ಬರುವುದಿಲ್ಲ. ಮೊದಲ ತೊಡಕು ಕಾಲದ್ದು. ಕಂಪನಿ ನಾಟಕದಲ್ಲಿ ಹಾಡಿನ ಉದ್ದವನ್ನು ಪ್ರೇಕ್ಷಕರೇ ನಿರ್ಧರಿಸುತ್ತಿದ್ದರು. ‘ಒನ್ಸ್ ಮೋರ್’ ಎಂದರೆ ಸತ್ತು ಬಿದ್ದ ಪಾತ್ರವೂ ಎದ್ದು ಹಾಡಬೇಕು! ಸಿನಿಮಾ ರೀಲಿಗೆ ಆ ಉದಾರತೆಯಿಲ್ಲ. ಹಾಡು ಗ್ರಾಮಫೋನ್ ತಟ್ಟೆಗೂ ಹೋಗಬೇಕಾಗಿದ್ದರಿಂದ ಒಂದು ಬದಿಗೆ ಸುಮಾರು 3 ನಿಮಿಷವೇ ಮಿತಿ. ಆಲಾಪನೆ, ಸ್ವರಪ್ರಸ್ತಾರ ಕತ್ತರಿಗೆ ಸಿಕ್ಕವು. ಪಲ್ಲವಿ, ಎರಡು ಮೂರು ಚರಣ ಉಳಿದವು.

ಎರಡನೆಯದು ತಾಳದ ತೊಡಕು. ನಾಟಕದ ಕಂದ, ವೃತ್ತಗಳನ್ನು ನಟ ತಾಳದ ಕಟ್ಟಿಲ್ಲದೆ, ಭಾವಕ್ಕೆ ತಕ್ಕಂತೆ ನಿಲ್ಲಿಸಿ ಎಳೆದು ಹಾಡುತ್ತಾನೆ. ಹಾರ್ಮೋನಿಯಂ ಅವನ ಬಾಯನ್ನೇ ನೋಡುತ್ತ ಹಿಂಬಾಲಿಸುತ್ತದೆ. ಒಬ್ಬ ಮೇಷ್ಟ್ರಿಗೆ ಇದು ಸಲೀಸು. ಇಪ್ಪತ್ತು ಮೂವತ್ತು ಪಿಟೀಲುಗಳ ವಾದ್ಯಮೇಳಕ್ಕೆ ಹಾಗಲ್ಲ. ಯಾರು ಎಲ್ಲಿ ಸೇರಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಎಣಿಸಿ ಬರೆದಿಡಲೇಬೇಕು. ಹಾರ್ಮೋನಿಯಂ, ತಬಲಾ, ಕ್ಲಾರಿಯೋನೆಟ್ ಮಾಡುತ್ತಿದ್ದ ಕೆಲಸವನ್ನು ಹಲವು ವಾದ್ಯಗಳಿಗೆ ಹಂಚುವ ವಾದ್ಯ ಸಂಯೋಜಕ ಹೀಗೆ ಅಗತ್ಯನಾದ.

ಮೂರನೆಯದು ಕಂಠ. ಮೈಕಿಲ್ಲದ ಕಾಲದಲ್ಲಿ ಕೊನೆಯ ಸಾಲಿನವರೆಗೆ ಕೇಳಿಸಲು ನಟ ಏರುಶ್ರುತಿಯಲ್ಲಿ ಹಾಡುತ್ತಿದ್ದ. ಮೈಕು ಬಂದ ಮೇಲೆ ಮೆಲುದನಿಯೂ ಸಾಕಾಯಿತು. ಶ್ರುತಿ ಇಳಿಯಿತು. ಹಿನ್ನೆಲೆ ಗಾಯನ ಬಂದ ಮೇಲಂತೂ ನಟನೇ ಹಾಡಬೇಕೆಂಬ ಕಟ್ಟೂ ಹೋಯಿತು. ರಾಜ್‌ಕುಮಾರ್ ಕಂಪನಿ ನಾಟಕಗಳಲ್ಲಿ ಹಾಡಿ ಬೆಳೆದವರು. ಅವರ ಚಿತ್ರಗಳಲ್ಲಿ ಬಹುಕಾಲ ಹಾಡಿದವರು ಪಿ.ಬಿ. ಶ್ರೀನಿವಾಸ್. 1974ರ ‘ಸಂಪತ್ತಿಗೆ ಸವಾಲ್’ ನಂತರವೇ ಅವರ ಸ್ವಂತ ದನಿ ತೆರೆಯಲ್ಲಿ ನೆಲೆಯಾಯಿತು.

ಹೊರನಾಡಿನ ಮಾದರಿ

ಅಮೆರಿಕದ ಸಂಗೀತ ನಾಟಕಗಳ ಸ್ಥಿತಿ ಬೇರೆ. ಅಲ್ಲಿ ರಂಗದ ಸಂಗೀತವೆಲ್ಲ ಬರಹದಲ್ಲಿರುತ್ತದೆ. ‘ದಿ ಸೌಂಡ್ ಆಫ್ ಮ್ಯೂಸಿಕ್’ 1959ರಲ್ಲಿ ರಂಗಕ್ಕೆ ಬಂದಾಗ ವಾದ್ಯ ಸಂಯೋಜನೆ ಮಾಡಿದವರು ರಾಬರ್ಟ್ ರಸೆಲ್ ಬೆನೆಟ್. 1965ರ ಚಿತ್ರಕ್ಕಾಗಿ ಅದನ್ನು ಅಳವಡಿಸಿದವರು ಇರ್ವಿನ್ ಕೋಸ್ಟಲ್. ರಂಗದ ಮೂರು ಹಾಡು ಬಿಟ್ಟುಹೋದವು. ಸಂಯೋಜಕ ರಿಚರ್ಡ್ ರಾಜರ್ಸ್ ಹೊಸದಾಗಿ ಎರಡು ಬರೆದುಕೊಟ್ಟರು. ಅಳವಡಿಕೆಗಾಗಿ ಕೋಸ್ಟಲ್‌ಗೆ ಆಸ್ಕರ್ ಬಂದಿತು. ಸಿನಿಮಾ ಬಂದರೂ ರಂಗದ ಮೂಲ ಬರಹ ಅಳಿಯಲಿಲ್ಲ. ಬೇಕಾದವರು ಇಂದೂ ಅದನ್ನು ನುಡಿಸಬಹುದು.

ಚನ್ನರಾಯಪಟ್ಟಣದ ದನಿ

ಹವ್ಯಾಸಿ ರಂಗಭೂಮಿ ಬೆಳೆದಂತೆ ಕನ್ನಡದಲ್ಲಿ ಇನ್ನೊಂದು ದಾರಿ ತೆರೆಯಿತು. ಚನ್ನರಾಯಪಟ್ಟಣದಲ್ಲಿ 1939ರಲ್ಲಿ ಜನಿಸಿದ ಸಿ. ಅಶ್ವತ್ಥ್ ಬೆಂಗಳೂರಿನ ಐಟಿಐ ನೌಕರಿಯ ಜೊತೆಗೆ ನಾಟಕಗಳಿಗೆ ರಾಗ ಹಾಕುತ್ತಿದ್ದರು. ಮಾಸ್ತಿಯವರ ‘ಕಾಕನಕೋಟೆ’ ನಾಟಕವನ್ನು ಸಿ.ಆರ್. ಸಿಂಹ 1977ರಲ್ಲಿ ಚಿತ್ರ ಮಾಡಿದಾಗ, ಅದರ ಮೂಲಕವೇ ಅಶ್ವತ್ಥ್ ಚಿತ್ರಸಂಗೀತಕ್ಕೆ ಕಾಲಿಟ್ಟರು. ಗಿರೀಶ ಕಾರ್ನಾಡರ ‘ನಾಗಮಂಡಲ’ವನ್ನು ಶಂಕರ್ ನಾಗ್ ಅವರ ಸಂಕೇತ್ ತಂಡ ಆಡಿದಾಗ ಗೋಪಾಲ ವಾಜಪೇಯಿ ಬರೆದ ಹಾಡುಗಳಿಗೆ ಸಂಗೀತ ಅಶ್ವತ್ಥರದು. ಟಿ.ಎಸ್. ನಾಗಾಭರಣ ಅದನ್ನು 1997ರಲ್ಲಿ ಚಿತ್ರವಾಗಿಸಿದಾಗಲೂ ಇವರಿಬ್ಬರೇ ಇದ್ದರು. ರಂಗಕ್ಕೆ ರಾಗ ಹಾಕಿದವರೇ ತೆರೆಗೂ ಹಾಕಿದರೆ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬಹುದು ಎಂಬುದು ಅವರಿಗೆ ಮೊದಲೇ ಗೊತ್ತಿರುತ್ತದೆ.

ಬಾಲ್ಯದಲ್ಲೇ ಗುಬ್ಬಿ ಕಂಪನಿ ಸೇರಿದ್ದ ಬಿ.ವಿ. ಕಾರಂತರ ದಾರಿ ಮತ್ತೂ ಬೇರೆ. ವಾದ್ಯ ಹೆಚ್ಚಿಸುವ ಬದಲು, ಸದ್ದು ಮತ್ತು ಮೌನಗಳನ್ನೇ ಸಂಗೀತ ಮಾಡುವ ರಂಗದ ಪಾಠವನ್ನು ಅವರು ಸಿನಿಮಾಕ್ಕೆ ತಂದರು. ‘ಋಷ್ಯಶೃಂಗ’ ಮತ್ತು ‘ಘಟಶ್ರಾದ್ಧ’ ಚಿತ್ರಗಳಿಗೆ 1976 ಮತ್ತು 1977ರ ಸಾಲಿನ ಸಂಗೀತ ನಿರ್ದೇಶನದ ರಾಷ್ಟ್ರಪ್ರಶಸ್ತಿ ಅವರಿಗೆ ಸಂದಿತು.

ಮರಳಿ ಹಳ್ಳಿಗೆ

ಕೊಡುಕೊಳೆ ಒಂದೇ ದಿಕ್ಕಿನದಲ್ಲ. ಕಂಪನಿಯಲ್ಲಿ ಪಳಗಿದ ಹುಣಸೂರು ಕೃಷ್ಣಮೂರ್ತಿಯವರ ‘ಬಬ್ರುವಾಹನ’ದಲ್ಲಿ (1977) ತಂದೆ ಮಗನ ವಾಗ್ವಾದದ ಹಾಡು ಅಪ್ಪಟ ನಾಟಕದ ಧಾಟಿಯದು. ಸಂಗೀತ ಟಿ.ಜಿ. ಲಿಂಗಪ್ಪನವರದು. ಆ ಹಾಡು ಈಗ ಹಳ್ಳಿಯ ರಂಗಕ್ಕೇ ಮರಳಿ, ನಾಟಕದ ಹಾಡಿನಷ್ಟೇ ಬಳಕೆಯಲ್ಲಿದೆ.

ಇದು ಸಂತೋಷದ ಸಂಗತಿಯೇ. ಆತಂಕವಿರುವುದು ಇನ್ನೊಂದು ಕಡೆ. ಸಿನಿಮಾಕ್ಕೆ ಹೋದ ಮಟ್ಟು ತಟ್ಟೆಯಲ್ಲಾದರೂ ಉಳಿದೀತು, ಹೋಗದ ಮಟ್ಟಿಗೆ ಯಾವ ದಾಖಲೆ? ‘ಸತಿ ಸುಲೋಚನಾ’ ಚಿತ್ರದ ಪ್ರತಿಯೇ ಇಂದು ಉಳಿದಿಲ್ಲವೆಂದ ಮೇಲೆ, ಬರೆಯದ ಹಾಡುಗಳ ಮಾತೇನು! ಊರಿನ ಮೇಷ್ಟ್ರು ನುಡಿಸುವಾಗ ಪಕ್ಕದಲ್ಲಿ ಕುಳಿತು, ರಾಗ, ಶ್ರುತಿ, ಕಂದದ ನಿಲುಗಡೆಗಳನ್ನು ಧ್ವನಿಮುದ್ರಿಸಿಕೊಳ್ಳಲು ಈಗ ಜೇಬಿನಲ್ಲಿರುವ ಮೊಬೈಲೇ ಸಾಕು. ಹಾರ್ಮೋನಿಯಂ ಪೆಟ್ಟಿಗೆ ಮುಚ್ಚುವ ಮೊದಲು ಆ ಕೆಲಸ ಆಗಬೇಕು.