ಕೂಡಿ ದುಡಿಯುವ ಡಿಸ್ಕುಗಳು

ನಮ್ಮ ಮನೆಯಲ್ಲಿ ಅಜ್ಜಿಯದೆಂದು ಇದ್ದುದು ಒಂದೇ ಭಾವಚಿತ್ರ. ಅದರ ಅಂಚನ್ನು ಗೆದ್ದಲು ತಿಂದಿತ್ತು. ಉಳಿದುದನ್ನು ಸ್ಕ್ಯಾನ್ ಮಾಡಿಸಿ ಕಂಪ್ಯೂಟರಿನಲ್ಲಿ ಇಟ್ಟ ದಿನ, ಇನ್ನು ಭಯವಿಲ್ಲವೆಂದು ಹಿಗ್ಗಿದೆನು. ಡಿಸ್ಕಿಗೂ ಆಯುಸ್ಸು ಉಂಟೆಂಬುದು ಆಮೇಲೆ ತಿಳಿಯಿತು.

ಅಗ್ಗದ ಹಲವು ಡಿಸ್ಕುಗಳನ್ನು ಒಂದರಂತೆ ದುಡಿಸುವ ಕ್ರಮಗಳನ್ನು 1988ರಲ್ಲಿ ಅಮೆರಿಕದ ಬರ್ಕ್ಲಿಯ ವಿದ್ವಾಂಸರಾದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು ವಿಂಗಡಿಸಿ, ‘ರೇಡ್’ ಎಂದು ಹೆಸರಿಟ್ಟರು. ಇದರಲ್ಲಿ ಹಲವು ಬಗೆ. ‘ರೇಡ್ 0’ ಎಂಬುದರಲ್ಲಿ ಕಡತವನ್ನು ಹೋಳು ಮಾಡಿ ಎಲ್ಲ ಡಿಸ್ಕುಗಳಿಗೂ ಹಂಚುತ್ತಾರೆ. ವೇಗ ಹೆಚ್ಚು, ಆದರೆ ಒಂದು ಕೆಟ್ಟರೆ ಎಲ್ಲವೂ ಹೋಯಿತು. ‘ರೇಡ್ 1’ರಲ್ಲಿ ಎರಡು ಡಿಸ್ಕುಗಳಲ್ಲಿಯೂ ಒಂದೇ ಬರಹ. ‘ರೇಡ್ 5’ರ ಗುಟ್ಟು ಲೆಕ್ಕದಲ್ಲಿದೆ. 5, 7 ಇವುಗಳೊಡನೆ ಮೊತ್ತ 12ನ್ನೂ ಬರೆದಿಟ್ಟರೆ, 7 ಅಳಿಸಿಹೋದರೂ ಕಳೆದು ತಿಳಿಯಬಹುದಲ್ಲವೆ? ಹಾಗೆಯೇ ಕೆಟ್ಟ ಒಂದು ಡಿಸ್ಕನ್ನು ಉಳಿದವುಗಳಿಂದ ಮತ್ತೆ ತುಂಬಿಸಬಹುದು. ‘ರೇಡ್ 6’ ಎರಡರ ನಷ್ಟವನ್ನೂ ತಾಳುತ್ತದೆ.

ಮಿತ್ರರೆ, ಹಾಗಾದರೆ ಅಲ್ಲಿಟ್ಟ ಚಿತ್ರ ಕ್ಷೇಮವೆ? ಅಲ್ಲ. ನಾನೇ ಕೈತಪ್ಪಿ ಅದನ್ನು ಅಳಿಸಿದರೆ ಜೋಡಿ ಡಿಸ್ಕುಗಳೆರಡೂ ಅದೇ ಕ್ಷಣ ಅಳಿಸುತ್ತವೆ. ಬೆಂಕಿಯೋ ಕಳ್ಳನೋ ಬಂದರೆ ಒಂದೇ ಪೆಟ್ಟಿಗೆಯಲ್ಲಿರುವುದೆಲ್ಲ ಒಟ್ಟಿಗೆ ಹೋಗುತ್ತದೆ. ಡಿಸ್ಕು ಸತ್ತರೆ ರೇಡ್ ಕಾದೀತು. ನಾವು ತಪ್ಪಿದರೆ ಕಾಯದು.

ಆದ್ದರಿಂದ ಇನ್ನೊಂದು ಪ್ರತಿಯನ್ನು ಪೆನ್ ಡ್ರೈವಿನಲ್ಲಿ ಹಾಕಿ ಬೇರೆ ಊರಿನ ಸೋದರಮಾವನ ಮನೆಯಲ್ಲಿ ಇರಿಸಿದ್ದೇನೆ. ಅಕ್ಷರ ಬಾರದ ನನ್ನ ತಾಯಿ ಇದನ್ನು ಕೇಳಿ ನಕ್ಕಳು: “ಬಿತ್ತನೆ ಬೀಜಾನೂ ನಾವು ಎರಡು ಮನೇಲಿ ಇಡ್ತೀವಲ್ಲಪ್ಪ!”