ಗಾಳಿಯಲ್ಲಿ ಆಲೂಗೆಡ್ಡೆ: ಏರೋಪೋನಿಕ್ಸ್ ಕುರಿತ ತಪ್ಪು ಕಲ್ಪನೆಗಳು

ಗಾಳಿಯಲ್ಲಿ ನೇತಾಡುವ ಬೇರಿನಿಂದ ಆಲೂಗೆಡ್ಡೆ ಕೀಳುವ ವಿಡಿಯೊ ನೋಡಿ ಕೆಲವರು ‘ಇದೆಲ್ಲ ಬುರುಡೆ’ ಎನ್ನುತ್ತಾರೆ. ಇನ್ನು ಕೆಲವರು ‘ಹೊಲದ ಕಾಲ ಮುಗಿಯಿತು’ ಎನ್ನುತ್ತಾರೆ. ಎರಡೂ ಸರಿಯಲ್ಲ.

ತಪ್ಪು ಕಲ್ಪನೆ: ಗಿಡ ಬರೀ ಗಾಳಿಯಿಂದ ಬೆಳೆಯುತ್ತದೆ.
ಸತ್ಯ: ಕತ್ತಲೆ ಪೆಟ್ಟಿಗೆಯ ಮುಚ್ಚಳದ ತೂತಿನಲ್ಲಿ ಸಸಿ ಕೂರಿಸುತ್ತಾರೆ. ಒಳಗೆ ಇಳಿಬಿದ್ದ ಬೇರಿಗೆ ನಾಜಲ್‌ಗಳು ಪೋಷಕಾಂಶ ಕರಗಿಸಿದ ನೀರನ್ನು ಆಗಾಗ ಮಂಜಿನಂತೆ ಸಿಂಪಡಿಸುತ್ತವೆ. ನಡುನಡುವೆ ಬೇರಿಗೆ ಆಮ್ಲಜನಕ ಧಾರಾಳವಾಗಿ ಸಿಗುತ್ತದೆ. ಗಾಳಿಯ ಲಾಭ ಇಷ್ಟೇ.

ತಪ್ಪು ಕಲ್ಪನೆ: ಮಣ್ಣಿಲ್ಲದ್ದರಿಂದ ಇದು ಸಾವಯವ.
ಸತ್ಯ: ಆ ನೀರಿನಲ್ಲಿರುವುದು ಸಾಮಾನ್ಯವಾಗಿ ಕ್ಯಾಲ್ಸಿಯಂ ನೈಟ್ರೇಟ್, ಪೊಟ್ಯಾಸಿಯಂ ನೈಟ್ರೇಟ್‌ನಂಥ ರಾಸಾಯನಿಕ ಗೊಬ್ಬರ.

ತಪ್ಪು ಕಲ್ಪನೆ: ರೋಗದ ಕಾಟವೇ ಇಲ್ಲ.
ಸತ್ಯ: ಮಣ್ಣಿನಿಂದ ಹರಡುವ ರೋಗಗಳು ಬಹುಪಾಲು ತಪ್ಪುತ್ತವೆ. ಆದರೆ ಒಂದೇ ತೊಟ್ಟಿಯ ನೀರು ಎಲ್ಲ ಗಿಡಗಳಿಗೂ ಹೋಗುವುದರಿಂದ ಬೇರು ಕೊಳೆಸುವ ಪಿಥಿಯಂ ಒಮ್ಮೆ ಹೊಕ್ಕರೆ ಬೇಗ ಹಬ್ಬುತ್ತದೆ. ವೈರಸ್ ತರುವ ಗಿಡಹೇನನ್ನು ತಡೆಯಲು ಬಲೆಮನೆಯೂ ಬೇಕು.

ತಪ್ಪು ಕಲ್ಪನೆ: ಮುಂದೆ ಆಲೂಗೆಡ್ಡೆಗೆ ಹೊಲ ಬೇಡ.
ಸತ್ಯ: ಹೀಗೆ ಬೆಳೆಯುವ ಕಿರುಗೆಡ್ಡೆ ಅಡುಗೆಗಲ್ಲ, ಬಿತ್ತನೆಗೆ. ಶಿಮ್ಲಾದ ಕೇಂದ್ರೀಯ ಆಲೂಗೆಡ್ಡೆ ಸಂಶೋಧನಾ ಸಂಸ್ಥೆ ಈ ವಿಧಾನವನ್ನು ಇದಕ್ಕೆಂದೇ ರೂಪಿಸಿದೆ. ಅಂಗಾಂಶ ಕೃಷಿಯ ರೋಗರಹಿತ ಸಸಿಯನ್ನು ಬಲೆಮನೆಯ ಮಣ್ಣಿನಲ್ಲಿ ನೆಟ್ಟರೆ 8ರಿಂದ 10 ಗೆಡ್ಡೆ ಸಿಗುವಲ್ಲಿ ಇಲ್ಲಿ ಸುಮಾರು 35ರಿಂದ 60 ಸಿಗುತ್ತವೆ. ಪೆಟ್ಟಿಗೆಯ ಬದಿ ತೆರೆದು ಬಲಿತ ಗೆಡ್ಡೆಗಳನ್ನಷ್ಟೇ ಬಿಡಿಸಿ ಮತ್ತೆ ಮುಚ್ಚುತ್ತಾರೆ; ಗಿಡ ಹೊಸ ಗೆಡ್ಡೆ ಕಟ್ಟುತ್ತಲೇ ಇರುತ್ತದೆ. ಆ ಕಿರುಗೆಡ್ಡೆಗಳನ್ನು ಕೆಲವು ಹಂಗಾಮು ಹೊಲದಲ್ಲೇ ಬೆಳೆದು ಹೆಚ್ಚಿಸಿದ ಮೇಲಷ್ಟೇ ರೈತರ ಕೈಗೆ ಬಿತ್ತನೆಬೀಜ ಬರುತ್ತದೆ. ಪಂಜಾಬಿನ ಜಲಂಧರದಿಂದ ಬರುವ ಬಿತ್ತನೆಗೆಡ್ಡೆಯನ್ನು ನೆಚ್ಚಿಕೊಂಡಿರುವ ಹಾಸನದ ಬೆಳೆಗಾರರಿಗೆ ಒಳ್ಳೆಯ ಬೀಜದ ಬೆಲೆ ಏನೆಂದು ಹೇಳಬೇಕಿಲ್ಲ.

ತಪ್ಪು ಕಲ್ಪನೆ: ಒಮ್ಮೆ ಕೂರಿಸಿದರೆ ತಾನಾಗಿ ನಡೆಯುತ್ತದೆ.
ಸತ್ಯ: ಮಣ್ಣು ತೇವ ಹಿಡಿದಿಟ್ಟುಕೊಂಡು ಬೆಳೆಗೆ ದಿನಗಟ್ಟಲೆ ಗಡುವು ಕೊಡುತ್ತದೆ. ಇಲ್ಲಿ ಕರೆಂಟ್ ಹೋಗಿ ಪಂಪ್ ನಿಂತರೆ ಕೆಲವೇ ಗಂಟೆಗಳಲ್ಲಿ ಬೇರು ಒಣಗುತ್ತದೆ. ನಾಜಲ್‌ನಲ್ಲಿ ಉಪ್ಪು ಕಟ್ಟಿಕೊಂಡರೂ ಅದೇ ಗತಿ. ನೀರಿನ ರಸಸಾರವನ್ನೂ ದಿನವೂ ನೋಡುತ್ತಿರಬೇಕು.

ಏರೋಪೋನಿಕ್ಸ್ ಬೀಜೋತ್ಪಾದನೆಗೆ ಹೇಳಿ ಮಾಡಿಸಿದ ವಿಧಾನ, ಹೊಲಕ್ಕೆ ಬದಲಿಯಲ್ಲ. ಇದಕ್ಕೆ ಹಣ ಹಾಕುವ ಮನಸ್ಸಿದ್ದರೆ, ಬೆಳೆದದ್ದನ್ನು ಕೊಳ್ಳುವವರು ಯಾರು, ಕರೆಂಟ್ ಹೋದಾಗ ಜನರೇಟರ್ ಇದೆಯೇ ಎಂಬ ಎರಡು ಪ್ರಶ್ನೆಗಳಿಗೆ ಮೊದಲು ಉತ್ತರ ಕಂಡುಕೊಳ್ಳಿ.